ಶಾಹಿದಾ ಮೇಡಂ ಎಬ್ಬಿಸಿದ ಬಿರುಗಾಳಿ

ಮೊನ್ನೆ ಬೇಳೆ ಡಬ್ಬಿ ಎತ್ತಲು ಹೋದವನು, ಅದರಡಿ ಹಾಸಿದ್ದ ಕಾಗದದಲ್ಲಿ ನನ್ನದೇ ಅಕ್ಷರ ಕಂಡು ನಿಂತೆ. 'ಆರ್ದ್ರ ವಾಯುರಾಶಿಯ ಊರ್ಧ್ವಗಮನದಿಂದ ಉದ್ಭವಿಸುವ ಆವರ್ತನಶೀಲ ಮೇಘಸ್ಫೋಟಕ ಮಾರುತವು...' ಆ ಹಾಳೆ ತನ್ನ ಆಯುಷ್ಯದಲ್ಲಿ ಮಾಡಿದ ಒಂದೇ ಒಳ್ಳೆಯ ಕೆಲಸ ಡಬ್ಬಿಗೆ ತುಕ್ಕು ಹಿಡಿಯದಂತೆ ನೋಡಿಕೊಂಡದ್ದು ಎಂಬುದು ನನ್ನ ಹೆಂಡತಿಯ ಅಭಿಪ್ರಾಯ. ನೀವು ಅವಳ ಪಕ್ಷ ಸೇರುವ ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. ಕೇಳಿದ ಮೇಲೂ ಸೇರುತ್ತೀರಿ, ಅದು ಬೇರೆ ಮಾತು.

ಆಗ ನಾನು ಹಲಸೂರಿನ ಕಡೆಯ ಒಂದು ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ಸ್ಟಾಫ್ ರೂಮಿನಲ್ಲಿ ನನ್ನೆದುರಿನ ಮೇಜು ಭೌತಶಾಸ್ತ್ರದ ಶಾಹಿದಾ ಮೇಡಂ ಅವರದು. ಶಿವಾಜಿನಗರದಲ್ಲಿ ಛತ್ರಿ ಅಂಗಡಿ ಇಟ್ಟಿದ್ದವರ ಮಗಳು. ಅಪ್ಪ ಮಳೆಯಿಂದ ಸಂಸಾರ ಸಾಗಿಸಿದರೆ ಮಗಳು ಮಳೆಯಿಂದ ಡಾಕ್ಟರೇಟ್ ಪಡೆದರು. ಗಿರಗಿರನೆ ಸುತ್ತುತ್ತ ಸಾಗುವ ಭಾರೀ ಗುಡುಗುಮೋಡಗಳು ಅವರ ವಿಷಯ. ನಮ್ಮೂರಲ್ಲಿ ಅಂಥವು ಅಪರೂಪವಾದ್ದರಿಂದ ದೂರದ ಬಯಲುಗಳ ರೇಡಾರ್ ಚಿತ್ರ ಹರಡಿಕೊಂಡು ಕೂರುತ್ತಿದ್ದರು. ಮನೆಯಲ್ಲಿ ದಖ್ಖನಿ ಉರ್ದು, ತರಗತಿಯಲ್ಲಿ ಇಂಗ್ಲಿಷು. ಕನ್ನಡವೂ ಬರುತ್ತಿತ್ತು, ಆದರೆ ಕಾಲೇಜಿನ ಸಮಾರಂಭವೊಂದರಲ್ಲಿ 'ಮುಖ್ಯ ಅತಿಥಿ ಬಂತು' ಎಂದುಬಿಟ್ಟಿದ್ದರು. ಸಭೆಯೆಲ್ಲ ನಕ್ಕಿತು. ಮೊದಲ ಸಾಲಿನಲ್ಲಿದ್ದ ನಾನೂ ನಕ್ಕೆ. ಅಂದಿನಿಂದ ಅವರು ಕನ್ನಡದಲ್ಲಿ ಭಾಷಣ ಮಾಡಿದ್ದಿಲ್ಲ.

ಕೆ.ಆರ್. ಪುರದ ಮಹಿಳಾ ಸಂಘವೊಂದು ಅವರನ್ನು ಮಾತಿಗೆ ಕರೆದಾಗ ನನ್ನ ಮೇಜಿಗೆ ಬಂದರು.

"ಸಾರ್, ಬರ್ದುಕೊಡ್ತೀರಾ? ಒಂದು ತಪ್ಪೂ ಇರಬಾರ್ದು. ಈ ಊರಲ್ಲೇ ಹುಟ್ಟಿದೋಳು ನಾನು. ಇನ್ನೊಂದ್ಸಲ ನಕ್ಕುಬಿಟ್ರೆ ಬಾಯೇ ಬಿಡಲ್ಲ."

ಎರಡು ನಿಘಂಟು ಜಾಲಾಡಿ ಹನ್ನೊಂದು ಹಾಳೆ ಬರೆದೆ. ಓದಿ ನಾನೇ ರೋಮಾಂಚನಗೊಂಡೆ. ಅರ್ಥ ಆಯಿತೇ ಎಂದು ಮಾತ್ರ ಕೇಳಬೇಡಿ. ಯಾರಾದರೂ ಪದದ ಬಗ್ಗೆ ತಕರಾರು ತೆಗೆದರೆ ಇರಲಿ ಎಂದು ಸಭೆಗೆ ನಿಘಂಟುಗಳನ್ನೂ ಹೊತ್ತೊಯ್ದೆ.

ಮೇಡಂ ಒಂದು ಸಾಲು ಓದಿದರು. ಎರಡು ಓದಿದರು. ಮೂರನೆಯದಕ್ಕೆ, ಮುಂದೆ ಕೂತಿದ್ದ ಮುನಿರತ್ನಮ್ಮ ಕಣ್ಣು ಮುಚ್ಚಿ ಕೈಮುಗಿದರು. ಆಕೆ ಸಂಘದ ಹಿರಿಯಾಕೆ; ಒಂದು ಕಾಲಕ್ಕೆ ಅಲ್ಲೇ ರಾಗಿ ಬೆಳೆದವರು. ಅವರು ಕೈಮುಗಿದರೆಂದು ಪಕ್ಕದವರೂ ಕೈಮುಗಿದರು. ಮಂತ್ರ ನಡೆಯುತ್ತಿದೆ ಎಂದೇ ಎಲ್ಲರ ಭಾವನೆ.

ಮೇಡಂ ಓದು ನಿಲ್ಲಿಸಿದರು. ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಹಾಳೆ ಮಡಚಿಟ್ಟು, "ಒಳಗೆ ಲಟ್ಟಣಿಗೆ ಇದ್ಯಾ?" ಎಂದರು.

ಇತ್ತು. ಹಿಟ್ಟು ಮೆತ್ತಿಕೊಂಡೇ ಬಂತು. ಅದನ್ನು ಎರಡು ಅಂಗೈ ನಡುವೆ ಅಡ್ಡ ಇಟ್ಟುಕೊಂಡರು.

"ನೋಡಿ, ಕೆಳಗಿನ ಗಾಳಿ ಮೆಲ್ಲಗೆ, ಮೇಲಿನ ಗಾಳಿ ಜೋರು. ಮಧ್ಯ ಇರೋ ಗಾಳಿ ಹಿಂಗೆ ಮಲ್ಕೊಂಡೇ ಉರುಳುತ್ತೆ. ಅಷ್ಟರಲ್ಲಿ ನೆಲದಿಂದ ಬಿಸಿ ಗಾಳಿ ಮೇಲಕ್ಕೆ ಹೋದಳು..."

'ಹೋಯಿತು' ಎಂದು ತಿದ್ದಲು ನಾನು ಎದ್ದೆ.

"ಕೂತ್ಕೊಳ್ಳಿ ಮೇಷ್ಟ್ರೇ," ಎಂದರು ಮುನಿರತ್ನಮ್ಮ. "ಇಷ್ಟೆಲ್ಲ ಕೆಲಸ ಮಾಡೋಳು ಹೆಂಗಸೇ ಇರ್ಬೇಕು. ನೀನು ಹೇಳಮ್ಮ."

ಸಭೆ ನಕ್ಕಿತು. ಈ ಸಲ ನಗು ಬಿದ್ದದ್ದು ನನ್ನ ಮೇಲೆ. ಮೇಡಂ ಮುಖ ಸಡಿಲವಾಯಿತು. ಮಲಗಿ ಉರುಳುವ ಗಾಳಿಯನ್ನು ಬಿಸಿಗಾಳಿ ಎತ್ತಿ ನಿಲ್ಲಿಸುತ್ತದೆ ಎನ್ನುತ್ತ ಲಟ್ಟಣಿಗೆಯನ್ನು ನೆಟ್ಟಗೆ ಹಿಡಿದು ತಿರುಗಿಸಿದರು. "ಈಗ ಮೋಡಾನೇ ತಿರುಗುತ್ತೆ."

"ಅಷ್ಟು ಬಲ ಎಲ್ಲಿಂದ ಬರುತ್ತೆ?" ಎಂದು ಮುನಿರತ್ನಮ್ಮ ಕೇಳಿದರು.

"ಇಡ್ಲಿ ಹಬೆ ಕೈಗೆ ತಾಕಿದ್ರೆ ಯಾಕಮ್ಮ ಅಷ್ಟು ಸುಡುತ್ತೆ? ನೀರು ಹಬೆ ಆಗ್ವಾಗ ಕುಡಿದ ಶಾಖಾನೆಲ್ಲ ಮತ್ತೆ ನೀರಾಗ್ವಾಗ ಬಿಟ್ಕೊಡುತ್ತೆ. ಮೋಡದೊಳಗೂ ಅದೇ ಒಲೆ. ಸಾಧಾರಣ ಮೋಡ ತನ್ನ ಮಳೇನ ತನ್ನ ಒಲೆ ಮೇಲೇ ಸುರ್ಕೊಂಡು ಆರಿಹೋಗುತ್ತೆ. ಈ ತಿರುಗೋ ಮೋಡ ಜಾಣೆ. ಮಳೇನ ಆಚೆ ಸುರಿದು ಒಲೆ ಉಳಿಸ್ಕೊಳ್ತಾಳೆ."

"ನಮ್ಮ ಮಹಡಿಯೋಳ ಥರ, ನೀರೆಲ್ಲ ನಮ್ಮಂಗಳಕ್ಕೆ!" ಎಂದಿತು ಹಿಂದಿನಿಂದ ಒಂದು ದನಿ.

ಸುತ್ತು ಕಿರಿದಾದಷ್ಟೂ ವೇಗ ಹೆಚ್ಚುವುದನ್ನು ತೋರಿಸಲು ಅಧ್ಯಕ್ಷರ ತಿರುಗುವ ಕುರ್ಚಿ ಬಂತು. ಕೂರಲು ಯಾರು? ಮೇಡಂ ನನ್ನತ್ತ ಕೈ ತೋರಿದರು. ಚಾಚಿದ ಕೈಗಳಿಗೆ ಒಂದೊಂದು ನಿಘಂಟು ಕೊಟ್ಟರು. ಮುನಿರತ್ನಮ್ಮ ಬೀಸುಕಲ್ಲು ತಿರುಗಿಸಿದ ಕೈಯಿಂದಲೇ ಒಂದು ಸುತ್ತು ಕೊಟ್ಟರು.

"ಸಾರ್, ಈಗ ಕೈ ಎದೆಗೆ ಎಳ್ಕೊಳ್ಳಿ!"

ಎಳೆದುಕೊಂಡೆ. ಗೋಡೆ, ಫ್ಯಾನು, ಹೆಂಗಸರು ಎಲ್ಲ ಕಲಸಿಹೋದವು. ಕನ್ನಡಕ ಹಾರಿತು. ಕುರ್ಚಿ ನಿಂತಾಗ ಚಪ್ಪಾಳೆ ಕೇಳಿಸಿತು, ಎದ್ದು ನಮಸ್ಕರಿಸಹೊರಟೆ. ಚಪ್ಪಾಳೆ ಮೇಡಂಗೆ.

ವಾಪಸು ಬರುವಾಗ ಆಟೋದಲ್ಲಿ, "ಮೇಡಂ, ಆವತ್ತು ಸಮಾರಂಭದಲ್ಲಿ ನಾನೂ ನಕ್ಕಿದ್ದೆ," ಎಂದೆ. ಹೇಳುವುದು ಕಷ್ಟವಾಯಿತು.

"ಗೊತ್ತು ಸಾರ್. ಮೊದಲನೇ ಸಾಲು." ಅವರು ಹೊರಗೆ ನೋಡುತ್ತಲೇ ಹೇಳಿದರು, "ಅದಕ್ಕೇ ಕುರ್ಚಿಗೆ ನಿಮ್ಮನ್ನೇ ಕೂರ್ಸಿದ್ದು."

ಮೇಡಂ ಈಗ ಕನ್ನಡದಲ್ಲೇ ಪುಸ್ತಕ ಬರೆಯುತ್ತಿದ್ದಾರೆ. ನಿನ್ನೆ ಫೋನ್ ಮಾಡಿ, "ಸಾರ್, ಮೊಮೆಂಟಮ್‌ಗೆ ಏನಂತೀರಿ?" ಎಂದು ಕೇಳಿದರು. 'ಸಂವೇಗ' ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡು, "ತಡೀರಿ ಮೇಡಂ, ಕೇಳಿ ಹೇಳ್ತೀನಿ," ಎಂದು ಚಪ್ಪಲಿ ಮೆಟ್ಟಿಕೊಂಡು ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಗೆ ಹೊರಟೆ. ಮೂಲೆಯಲ್ಲಿ ಆಟೋ ಒರೆಸುತ್ತಿದ್ದವನನ್ನು ಕೇಳಿದೆ, "ಏನಪ್ಪ, ಬ್ರೇಕ್ ಒತ್ತಿದ್ಮೇಲೂ ಗಾಡಿ ನಿಲ್ದೆ ಮುಂದಕ್ಕೇ ಎಳ್ಕೊಂಡು ಹೋಗುತ್ತಲ್ಲ, ಅದಕ್ಕೆ ನೀವೇನಂತೀರಿ?"

ಅವನು ಬಟ್ಟೆ ಹಿಂಡಿ, ಯೋಚಿಸಿ ಹೇಳಿದ, "ಅದಕ್ಕಾ? 'ದೇವ್ರೇ ಕಾಪಾಡಪ್ಪ' ಅಂತೀವಿ ಸಾರ್."

ಬರೆದುಕೊಂಡೆ.