ಖರೇ ಪರೀಕ್ಷೆಯಂಥ ಪರೀಕ್ಷೆ

ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಾದ ಮೇಲೂ ಶಿವಲೀಲಾ ಕೂಡಲೇ ಏಳುವುದಿಲ್ಲ. ಬೆರಳಲ್ಲಿ ಉಳಿದ ಪುಡಿಯಿಂದ ರಂಗೋಲಿಯ ಕೆಳಗೆ ಒಂದು ಸಾಲು ಅಂಕಿ ಬರೆಯುತ್ತಾಳೆ: 128, 64, 32, 16, 8, 4, 2, 1. ಪ್ರತಿಯೊಂದೂ ಅದರ ಹಿಂದಿನದರ ಅರ್ಧ. ಜ್ವರ ಬಂದ ದಿನವೂ, ತವರಿನಿಂದ ಬೆಳಗಿನ ಬಸ್ಸಿಗೆ ಬಂದಿಳಿದ ದಿನವೂ ಈ ಸಾಲು ತಪ್ಪಿಲ್ಲ. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ವಿದ್ಯೆಯಲ್ಲಿ ಯಾವ ಯಂತ್ರ ಯಾವ ಗುಂಪಿಗೆ ಸೇರಿದ್ದು ಎಂದು ಲೆಕ್ಕ ಹಾಕಲು ಇವೇ ಅಂಕಿಗಳು ಬೇಕಂತೆ.

ಭಾಗ್ಯನಗರದ ನಮ್ಮ ಓಣಿಗೆ ಅದೆಲ್ಲ ಗೊತ್ತಿರಲಿಲ್ಲ. ಪಕ್ಕದ ಮನೆಯ ಹುಲಿಗವ್ವ ಒಂದು ದಿನ ಹತ್ತಿರ ಬಂದು, ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದಳು.

“ಯವ್ವಾ, ಇವು ಯಾವ ನಂಬರ? ಮಟ್ಕಾಕ್ಕ ಹಚ್ಚಿದ್ರ ಬರ್ತಾವೇನ?”

“ಹಚ್ಚಬ್ಯಾಡ್ರಿ ಚಿಗವ್ವ. ದಿನಾ ಬರಿಯೋ ನನಗ ಹತ್ತಿಲ್ಲ, ನಿಮಗೆಲ್ಲಿ ಹತ್ತಬೇಕು!”

ಅವಳಿಗೆ ಹತ್ತದೆ ಹೋದದ್ದು ಪರೀಕ್ಷೆ. ಶಿವಲೀಲಾ ಯಲಬುರ್ಗಾದ ಕಡೆಯ ಹುಡುಗಿ; ಮದುವೆಯಾಗಿ ಇಲ್ಲಿಗೆ ಬಂದವಳು. ಕೊಪ್ಪಳದಲ್ಲಿ ಮನೆಮನೆಗೆ ಇಂಟರ್ನೆಟ್ ಕೊಡುವ ಕಚೇರಿಯೊಂದರಲ್ಲಿ ಫೋನ್ ಎತ್ತುವ ಕೆಲಸ. “ನೆಟ್ ಹೋಗೇತ್ರಿ” ಎಂದು ಬೈಯುತ್ತ ಬರುವವರಿಗೆ “ಡಬ್ಬಿಮ್ಯಾಲ ಕೆಂಪು ದೀಪ ಹತ್ತೇತೇನ್ರಿ? ಒಮ್ಮೆ ಬಂದ್ ಮಾಡಿ ಹಚ್ಚಿ ನೋಡ್ರಿ” ಎಂದು ಹೇಳುತ್ತಾ ಹೇಳುತ್ತಾ, ದೀಪ ಯಾಕೆ ಕೆಂಪಾಗುತ್ತದೆ ಎಂದು ತಿಳಿಯುವ ಆಸೆ ಹುಟ್ಟಿತು. ವಿಡಿಯೋ ನೋಡಿ ಕಲಿತಳು. ಗಿಣಗೇರಿ ಕಡೆಯ ಕಾರ್ಖಾನೆಯೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಜಾಗ ಖಾಲಿಯಾದಾಗ ಅರ್ಜಿ ಹಾಕಿದಳು. ಅಲ್ಲಿಯವರು ಕೆಲಸ ನೋಡಿ ಮೆಚ್ಚಿದರು. ಸರ್ಟಿಫಿಕೇಟ್ ಇದ್ದರೆ ಸಾಕು, ದೀಪಾವಳಿಯವರೆಗೆ ಕಾಯುತ್ತೇವೆ ಎಂದರು.

ಕಂಪ್ಯೂಟರಿನಲ್ಲಿ ಬರೆಯುವ ಆ ಸರ್ಟಿಫಿಕೇಟಿನ ಪರೀಕ್ಷೆಯನ್ನು ಮೊದಲ ಸಲ ಹುಬ್ಬಳ್ಳಿಗೆ ಹೋಗಿ ಬರೆದಾಗ ಅವಳನ್ನು ಕೆಡವಿದ್ದು ಅವಳ ಸಾಲೆಯ ಪಾಠವೇ. ಯಲಬುರ್ಗಾದ ಮಾಸ್ತರರು ಎಲ್ಲ ಮಕ್ಕಳಿಗೂ ಹೇಳಿಕೊಟ್ಟಿದ್ದರು: ಬರುವುದನ್ನು ಮೊದಲು ಬರೆ, ಬಾರದ್ದಕ್ಕೆ ಜಾಗ ಬಿಡು, ಕೊನೆಗೆ ತಿರುಗಿ ಬಾ. ಮನೆಯಲ್ಲಿ ಅಭ್ಯಾಸ ಮಾಡಿದ ಪರೀಕ್ಷೆಗಳಲ್ಲೂ ಹಿಂದಕ್ಕೆ ಹೋಗುವ ಗುಂಡಿ ಇತ್ತು. ಖರೇ ಪರೀಕ್ಷೆಯಲ್ಲಿ ಇರಲಿಲ್ಲ. ಕಷ್ಟದ್ದನ್ನೆಲ್ಲ ಆಮೇಲೆ ನೋಡೋಣ ಎಂದು ದಾಟಿಸುತ್ತ ಹೋದಳು. ಕೊನೆಗೆ ಹಿಂದಿರುಗಲು ನೋಡಿದರೆ ದಾರಿಯೇ ಇಲ್ಲ. ಮೂರು ಕಚೇರಿಗಳನ್ನು ಗೆರೆ ಎಳೆದು ಜೋಡಿಸಿದ ಒಂದು ಚಿತ್ರ ಮಾತ್ರ ಅವಳ ಕಣ್ಣಿನಲ್ಲೇ ಉಳಿಯಿತು. ಹೊರಳಿ ಬರುವ ಬಸ್ಸು ಗದಗ ದಾಟುವಷ್ಟರಲ್ಲಿ ಅದರ ಉತ್ತರ ಹೊಳೆದಿತ್ತು.

ಎರಡನೆಯ ಸಲಕ್ಕೆ ಹಣ ಕಟ್ಟಿಯಾಯಿತು. ಮೂರನೆಯ ಸಲಕ್ಕೆ ಮನೆಯಲ್ಲಿ ಶಕ್ತಿಯಿಲ್ಲ, ಕಾರ್ಖಾನೆಗೆ ಪುರುಸೊತ್ತಿಲ್ಲ. ಹಾಗಾಗಿ ಈ ಸಲ ಅವಳು ಹುಡುಕಿದ್ದು ಒಂದನ್ನೇ, ಖರೇ ಪರೀಕ್ಷೆ ಹೇಗಿರುತ್ತದೋ ಹಾಗೆಯೇ ಇರುವ ಅಭ್ಯಾಸದ ಪರೀಕ್ಷೆ.

ಆ ಹುಡುಕಾಟದ ಕಥೆಯನ್ನು ಸಂಜೆ ಕಟ್ಟೆಯ ಮೇಲೆ ಕೂತು ಅವಳು ಹೇಳುವಾಗ ನಗಬೇಕೋ ಮರುಗಬೇಕೋ ತಿಳಿಯುತ್ತಿರಲಿಲ್ಲ. ಒಂದು ಕಡೆ ಹೆಸರು, ಫೋನ್ ನಂಬರು ಕೊಟ್ಟರೆ ಪರೀಕ್ಷೆ ಉಚಿತ ಎಂದಿತ್ತು. ಕೊಟ್ಟಳು. ಪರೀಕ್ಷೆ ಬರಲಿಲ್ಲ, ಫೋನು ಬಂತು. “ಮೇಡಂ, ನೂರಕ್ಕೆ ನೂರು ಪಾಸ್ ಗ್ಯಾರಂಟಿ” ಎಂದು ಅಡಿಗೆ ಮಾಡುವಾಗ, ಕಚೇರಿಯಲ್ಲಿರುವಾಗ, ಪೂಜೆಗೆ ಕೂತಾಗ. ಊರಿನವರ ಫೋನೆಲ್ಲ ಎತ್ತುವವಳು ತನ್ನ ಫೋನನ್ನೇ ಬಂದ್ ಮಾಡಿಡುವಂತಾಯಿತು. ಗಂಗಾವತಿಯಲ್ಲಿ ದಪ್ಪ ಪುಸ್ತಕ ಸಿಗುತ್ತದೆ ಎಂದು ಯಾರೋ ಹೇಳಿದರು. ರಜೆ ಹಾಕಿ ಹೋಗಿ ತಂದಳು. ಪರೀಕ್ಷೆಯಿಂದ ಎಂದೋ ತೆಗೆದುಹಾಕಿದ ಪಾಠಗಳ ಝೆರಾಕ್ಸ್ ಅದು. ಕುಷ್ಟಗಿಯಲ್ಲಿರುವ ತಮ್ಮ ನಾಗೇಶ ಒಂದು ಪ್ರಶ್ನೆಪತ್ರಿಕೆ ಕಳಿಸಿದ. ಅದರಲ್ಲಿ ಪ್ರತಿ ಪ್ರಶ್ನೆಗೂ “ಮೇಲಿನ ಚಿತ್ರ ನೋಡಿ ಉತ್ತರಿಸಿ” ಎಂದಿರುತ್ತಿತ್ತು. ಮೇಲೆ ಚಿತ್ರವೇ ಇರುತ್ತಿರಲಿಲ್ಲ.

“ಎಲ್ಲೋ ಚಿತ್ರ?” ಎಂದು ಫೋನ್ ಮಾಡಿ ಕೇಳಿದಳು.

“ಅಕ್ಕಾ, ಫುಕಟ್ ಕೊಟ್ಟಾರ. ಚಿತ್ರ ನೀನ ಬರ್ಕೋ.”

ಎಲ್ಲಕ್ಕೂ ಮಿಗಿಲಾದದ್ದು ಮೊಬೈಲಿನ ಆಪ್. ಎರಡು ಪ್ರಶ್ನೆಗೊಮ್ಮೆ ಶೇಂಗಾ ಎಣ್ಣೆಯ ಜಾಹೀರಾತು. ಶಿವಲೀಲಾ ಬೇಸತ್ತು ಅದನ್ನು ಕಟ್ಟೆಯ ಮೇಲೆ ಅತ್ತೆಯ ಮುಂದಿಟ್ಟು ಚಹಾಕ್ಕೆ ಒಳಗೆ ಹೋದಳು. ಅತ್ತೆ ಶೇಖರಮ್ಮನಿಗೆ ಇಂಗ್ಲಿಷ್ ಬಾರದು. ಉತ್ತರಗಳಲ್ಲಿ ಮೂರನೆಯ ಸಾಲು ಕೈಗೆ ಸರಿಯಾಗಿ ಸಿಗುತ್ತದೆ ಎಂದು ಅದನ್ನೇ ಒತ್ತುತ್ತ ಹೋದರು. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಪಟಾಕಿ ಹಾರಿದವು.

“ಏ ಶಿವಲೀಲಾ, ಬಾ ಇಲ್ಲೆ! ಏನೋ ಢಂ ಅಂತು. ಫೋನ್ ಕೆಟ್ಟಿತೇನ ನೋಡು.”

ಅವಳು ಬಂದು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡಳು. “ಕೆಟ್ಟಿಲ್ಲತ್ತಿ, ನೀವು ಪಾಸಾಗೀರಿ. ಭಾಳ ಶಾಣ್ಯಾರದೀರಿ ಅಂತ ಬರದಾರ.”

“ಹಂಗಾರ ಕಾರ್ಖಾನಿ ನೌಕರಿ ನನಗ ಕೊಡಸು. ನೀ ಮನ್ಯಾಗಿದ್ದು ರೊಟ್ಟಿ ಬಡಿ.”

ಓಣಿಯೆಲ್ಲ ನಕ್ಕಿತು. ಶಿವಲೀಲಾ ನಗಲಿಲ್ಲ, ಅವಳ ಕಣ್ಣು ತುಂಬಿತ್ತು. ಅದನ್ನು ಕಂಡ ಶೇಖರಮ್ಮ ನಗೆ ನಿಲ್ಲಿಸಿ ಕೇಳಿದರು, “ನಿನಗ ಎಂಥಾದ್ದು ಬೇಕು, ಅದನ್ನರ ಹೇಳು.”

“ಒಂದು ಮುಗಿದ ಮ್ಯಾಲ ಇನ್ನೊಂದು ಬರಬೇಕತ್ತಿ. ಬಿಟ್ಟದ್ದು ಹೊಳ್ಳಿ ಸಿಗಬಾರದು.”

“ಇಷ್ಟಕ್ಕ ಗಂಗಾವತಿತನ ಹೋಗಿದ್ದೇನು?”

ದೇವರ ಜಗಲಿಯ ಮೇಲೆ ಹುಲಿಗೆಮ್ಮ ದೇವಿಯ ಹೆಸರಿನ ಕಾಣಿಕೆ ಡಬ್ಬಿ ಇದೆ. ಮುಚ್ಚಳದಲ್ಲಿ ಒಂದು ಸೀಳು. ಒಳಗೆ ಬಿದ್ದದ್ದು ಅಮ್ಮನದು. ಮನೆಯಲ್ಲಿ ಎಂಥ ಅಡಚಣೆ ಬಂದರೂ ಯಾರೂ ಅದನ್ನು ಬಿಚ್ಚುವುದಿಲ್ಲ. ಶೇಖರಮ್ಮ ಅಂಥದೇ ಒಂದು ಖಾಲಿ ಡಬ್ಬಿಗೆ ಸೀಳು ಕೊರೆಸಿದರು. ಶಿವಲೀಲಾ ಪಠ್ಯಕ್ರಮವನ್ನು ಮುಂದಿಟ್ಟುಕೊಂಡು, ಕಚೇರಿಗೆ ಬರುವ ದೂರುಗಳನ್ನೂ ನೆನೆದು, ಚೀಟಿಗೊಂದು ಪ್ರಶ್ನೆ ಬರೆದಳು. ಚಿತ್ರಗಳನ್ನೂ ತಾನೇ ಬರೆದಳು. ಸಂಜೆ ಅತ್ತೆ ಮೊರದಿಂದ ಒಂದು ಚೀಟಿ ಎತ್ತಿ ಕೊಡುವುದು, ಸೊಸೆ ಉತ್ತರ ಬರೆಯುವುದು, ಚೀಟಿ ಡಬ್ಬಿಗೆ ಬೀಳುವುದು.

“ಅತ್ತಿ, ಆ ಚೀಟಿ ಒಮ್ಮೆ ಕೊಡ್ರಿ, ಈಗ ನೆನಪಾತು.”

“ಅದು ಅಮ್ಮನ ಪಾಲಾತು. ಮುಂದಿನದು ತಗೋ.”

ಮೊದಮೊದಲು ಅವಳಿಗೆ ಸಿಟ್ಟೇ ಬರುತ್ತಿತ್ತು. ಬರಬರುತ್ತ, ಚೀಟಿಯನ್ನು ಕೈಯಲ್ಲಿ ಹಿಡಿದೇ ಯೋಚಿಸಿ, ಮುಗಿಸಿ, ಬಿಡುವುದನ್ನು ಕಲಿತಳು. ಆದರೂ ಒಂದು ಅಳುಕು ಹೋಗಲಿಲ್ಲ. ತಾನೇ ಬರೆದ ಪ್ರಶ್ನೆಗೆ ತಾನೇ ಉತ್ತರ ಹೇಳುವುದು ಎಂಥ ಪರೀಕ್ಷೆ? ಖರೇದರಲ್ಲಿ ಬೇರೆಯೇ ಬಂದರೆ?

ಪರೀಕ್ಷೆಗೆ ಇನ್ನೊಂದು ವಾರ ಇರುವಾಗ ಅವಳ ಗಂಡನ ಅಣ್ಣ ಪ್ರಭುರಾಜ ಗಂಗಾವತಿಯಿಂದ ಬಂದರು. ಅಕ್ಕಿ ವ್ಯಾಪಾರದವರು, ನಾಲ್ಕೂರಿನ ಪರಿಚಯದವರು, ಮನಸ್ಸು ಒಳ್ಳೆಯದು. ಚಪ್ಪಲಿ ಬಿಡುತ್ತಲೇ ಫೋನ್ ಮುಂದೆ ಚಾಚಿದರು.

“ತಗೋವ್ವಾ. ಹೋದ ವಾರ ಪರೀಕ್ಷಾ ಬರದು ಬಂದವ್ರು ಹೊರಗ ತಂದ ಪ್ರಶ್ನಿ ಇವು. ನಿನಗೂ ಇವ ಬರ್ತಾವಂತ. ಭಾಳ ಓಡ್ಯಾಡಿ ಹಿಡದೀನಿ.”

ಶಿವಲೀಲಾ ಓದಿದಳು. ಎರಡನೆಯ ಪ್ರಶ್ನೆಗೆ ಬಂದಾಗ ಅವಳ ಬೆರಳು ನಿಂತಿತು. ಮೂರು ಕಚೇರಿಗಳ ಅದೇ ಚಿತ್ರ, ಅದೇ ಗೆರೆಗಳು. ಹುಬ್ಬಳ್ಳಿಯಲ್ಲಿ ಅವಳು ತಿರುಗಿ ಬರುತ್ತೇನೆಂದು ಬಿಟ್ಟು ಬಂದದ್ದು. ಮೂರನೆಯದು ಅರ್ಧ ಕಾಣುತ್ತಿತ್ತು. ಒಂದಿಷ್ಟು ಮೇಲಕ್ಕೆ ಸರಿಸಿದರೆ ಪೂರ್ತಿ ಕಾಣುತ್ತಿತ್ತು. ಶೇಖರಮ್ಮ ಕೈಯಲ್ಲಿ ಚೀಟಿ ಹಿಡಿದು ಸೊಸೆಯ ಮುಖವನ್ನೇ ನೋಡುತ್ತಿದ್ದರು.

“ಇದು ಖರೇ ಐತ್ರಿ ಭಾವಾರ.”

“ಮತ್ತ! ನಾ ಸುಳ್ಳು ತರ್ತೀನೇನು? ನಿನ್ನ ಫೋನಿಗೆ ಕಳಿಸ್ಲಿ?”

“ಬ್ಯಾಡ್ರಿ.”

“ಬ್ಯಾಡ? ಖರೇದಂಥಾದ್ದು ಬೇಕು, ಖರೇದಂಥಾದ್ದು ಬೇಕು ಅಂತ ಊರೂರು ತಿರುಗಿದಿ. ಈಗ ಖರೇದ ಮನೀಗೆ ಬಂದೈತಿ, ಬ್ಯಾಡಂತಿ!”

“ಅಂಥಾದ್ದು ಬೇಕಂದಿದ್ದೆ ಭಾವಾರ, ಖರೇದನ್ನ ಕೇಳಿದ್ದಿಲ್ಲ. ನನಗ ಬರ್ತೈತೋ ಇಲ್ಲೋ ಅನ್ನೋದು ನನಗ ತಿಳೀಬೇಕಲ್ರಿ? ಇದನ್ನ ಓದ್ಕೊಂಡು ಹೋದ್ರ ಪಾಸಾದ ಮ್ಯಾಲೂ ತಿಳಿಯಂಗಿಲ್ಲ. ನಾಳೆ ಕಾರ್ಖಾನ್ಯಾಗ ಲೈನ್ ಬಿದ್ರ ಯಾರ ಫೋನ್ ನೋಡ್ಲಿ?” ಅವಳ ದನಿಯಲ್ಲಿ ಅಷ್ಟು ತಿಂಗಳ ರೇಜಿಗೆಯೆಲ್ಲ ಇತ್ತು. “ಈಗ ನೋಡಿದ್ದೆರಡನ್ನ ಹೆಂಗ ಮರೀಲಿ ಅನ್ನೋದ ಒಂದು ಚಿಂತಿ ಆತು.”

ಪ್ರಭುರಾಜ ಸೋಲುವವರಲ್ಲ. “ಆತು ಬಿಡವ್ವಾ, ಸಿಟ್ಟಾಗಬ್ಯಾಡ. ಕಳಿಸಿ ಇಟ್ಟಿರ್ತೀನಿ. ನೋಡೋದು ಬಿಡೋದು ನಿನ್ನ ಇಚ್ಛಾ.”

ಶಿವಲೀಲಾ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅವರ ಕೈಗೇ ತಿರುಗಿ ಕೊಟ್ಟಳು.

“ಕಳಿಸಬ್ಯಾಡ್ರಿ ಭಾವಾರ, ನಿಮ್ಮ ಕಾಲಿಗೆ ಬೀಳ್ತೀನಿ. ಕಳಿಸಿದ್ರ ನೋಡ್ತೀನಿ.”