ಹುಳಕ್ಕೆ ರೋಜಾ ಇಲ್ಲ

ಸಾದಲಿ ಹತ್ತಿರದ ನಮ್ಮ ಮನೆಯಲ್ಲಿ ರೇಷ್ಮೆ ಹುಳ ಇರುವಷ್ಟು ದಿನ ದೇವರಿಗೆ ಊದುಬತ್ತಿ ಇರಲಿಲ್ಲ. ಹೊಗೆ ಹುಳಕ್ಕೆ ಆಗುವುದಿಲ್ಲ. ಅಮ್ಮ ಒಂದು ಹೂವಿಟ್ಟು, ಗೂಡು ಕಟ್ಟುವವರೆಗೂ ಸಹಿಸಿಕೊಳ್ಳಪ್ಪ ಎಂದು ದೇವರಿಗೆ ತಿಳಿಸಿ ಬರುತ್ತಿದ್ದಳು. ದೇವರು ಸಹಿಸಿಕೊಳ್ಳುತ್ತಿದ್ದ. ಚಿಂತೆ ಬಿಟ್ಟು ಸುಮ್ಮನಿರಲು ಆಗದವನು ನಾನು. ಐವತ್ತು ದಾಟಿದ ಮೇಲೂ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟಾಂಡಿನಿಂದ ವಾಪಸು ಬರುವವನು, ಇಪ್ಪತ್ತರಲ್ಲಿ ಹೇಗಿದ್ದಿರಬೇಕು!

ತೊಂಬತ್ತರ ದಶಕದ ಶುರುವಿನ ಒಂದು ಬೇಸಿಗೆ. ನಮ್ಮ ಅರ್ಧ ಎಕರೆ ಹಿಪ್ಪುನೇರಳೆ ತೋಟದಲ್ಲಿ ಅಲ್ಲಲ್ಲಿ ಕುಡಿ ಮುರುಟಿತ್ತು. ಮುರುಟಿದ್ದನ್ನು ಚಿವುಟಿ ಹಾಕಿದರೆ ಸಾಕೆಂದಳು ಅಮ್ಮ. ನನಗೆ ಸಾಕಾಗಲಿಲ್ಲ. ತೋಟವೇ ಹೋಯಿತೆಂದು ಹೆದರಿ, ಚಿಂತಾಮಣಿಯಿಂದ ಔಷಧಿ ತಂದು, ಅವಳಿಗೆ ಹೇಳದೆ ಬೆಳಗ್ಗೆ ಬೆಳಗ್ಗೆಯೇ ಇಡೀ ತೋಟಕ್ಕೆ ಹೊಡೆದುಬಿಟ್ಟೆ. ಹದಿನೈದು ದಿನ ಆ ಸೊಪ್ಪು ಕೊಯ್ಯಬಾರದು ಎಂದು ಅಂಗಡಿಯವರು ಹೇಳಿದ್ದರು. ನೀರಿಗೆ ಬೆರೆಸುವ ಅಳತೆ ತಪ್ಪೀತೆಂಬ ಚಿಂತೆಯಲ್ಲಿ ಅದನ್ನು ಪೂರ್ತಿ ಮರೆತಿದ್ದೆ.

ನೆನಪಾದದ್ದು ಅಮ್ಮ ಸೊಪ್ಪು ಕೊಯ್ಯಲು ಬುಟ್ಟಿ ಎತ್ತಿಕೊಂಡಾಗ. ಹುಳಗಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದಿದ್ದವು. ಗೂಡು ಕಟ್ಟುವ ಮುಂಚಿನ ಆ ಒಂದು ವಾರ ಅವು ತಿನ್ನುವ ಸದ್ದು ಮಳೆ ಬಂದ ಹಾಗೆ ಕೇಳುತ್ತದೆ. ತಿಂದರೆ ಸಾಯುತ್ತವೆ, ತಿನ್ನದಿದ್ದರೂ ಸಾಯುತ್ತವೆ. ಬಾಗಿಲಿಗೆ ಅಡ್ಡ ನಿಂತು ಎಲ್ಲ ಒದರಿದೆ.

ಅಮ್ಮ ಬೈಯಲಿಲ್ಲ. ಬುಟ್ಟಿ ಹಿಡಿದುಕೊಂಡೇ ಪಕ್ಕದ ತೋಟಕ್ಕೆ ನಡೆದಳು. ಅದು ಶಿಡ್ಲಘಟ್ಟದಲ್ಲಿ ನೂಲು ತೆಗೆಸುವ ಸಾಹೇಬರದು. ರಂಜಾನಿನ ಉಪವಾಸ ಹಿಡಿದು ಬದುವಿನ ನೆರಳಲ್ಲಿ ಕೂತಿದ್ದರು. ಅವರ ಹುಳ ಇನ್ನೂ ಎಳೆಯವು, ತಿನ್ನುವುದು ಕಡಿಮೆ. ಅಮ್ಮ ಹೇಳಿದ್ದನ್ನೆಲ್ಲ ಕೇಳಿ ನನ್ನ ಕಡೆ ನೋಡಿದರು.

"ಏನಪ್ಪಾ, ನಾನು ರೋಜಾ ಇದ್ದೀನಿ ಅಂತ ನಿಮ್ಮ ಹುಳಕ್ಕೂ ಉಪವಾಸ ಇಡಿಸ್ತೀಯಾ? ಕೊಯ್ಕೊಳಮ್ಮ, ಎಷ್ಟು ಬೇಕೋ ಅಷ್ಟು."

ಆ ವಾರವೆಲ್ಲ ಅವರ ಸೊಪ್ಪನ್ನೇ ತಿಂದು ನಮ್ಮ ಹುಳ ಗೂಡು ಕಟ್ಟಿದವು. ನನಗೆ ಮಾತ್ರ ಕಾವಲು ಬಿತ್ತು. ಔಷಧಿ ಬಿದ್ದ ಸೊಪ್ಪಿಗೆ ಯಾರದೇ ಹಸು, ಮೇಕೆ ಬಾಯಿ ಹಾಕಬಾರದು. ಹದಿನೈದು ದಿನವೂ ಅಲ್ಲೇ ಕೂತಿರಬೇಕು. ಚಿಂತೆಗಾರನಿಗೆ ಇದಕ್ಕಿಂತ ಒಪ್ಪುವ ಕೆಲಸ ಇನ್ನೊಂದಿಲ್ಲ. ದನ ಹೋಗಲಿ, ಗುಬ್ಬಚ್ಚಿಯನ್ನೂ ಓಡಿಸಿದೆ. ಕೂತು ಕೂತು ನೆಲ ನೋಡಿದೆ. ಸಾಲಿನ ನಡುವೆ ಎರೆಹುಳಗಳು ಹೊರಬಂದು ಸತ್ತು ಒಣಗಿದ್ದವು. ಅವಕ್ಕೆ ಸೊಪ್ಪು ಕೊಡುವ ಸಾಹೇಬರು ಯಾರೂ ಇರಲಿಲ್ಲ.

ಮೂರನೇ ದಿನ ಅಮ್ಮ ಬುತ್ತಿ ತಂದಾಗ ನನಗೆ ತಡೆಯಲಾಗಲಿಲ್ಲ. ಅವಳ ಎದುರಿಗೇ ಮಂಡಿಯೂರಿ, ಹಣೆ ಮಣ್ಣಿಗೆ ಹಚ್ಚಿ, ಭೂಮಿತಾಯಿಯ ಕ್ಷಮೆ ಕೇಳತೊಡಗಿದೆ. ಸ್ವಲ್ಪ ಉದ್ದವಾಗಿಯೇ ಕೇಳಿದೆ ಅನ್ನಿಸುತ್ತದೆ.

"ಅದನ್ನ ಆಮೇಲೆ ಮಾಡುವಂತೆ, ಏಳೋ," ಎಂದಳು ಅಮ್ಮ. "ಆ ಕಡೆ ಮೇಕೆ ನುಗ್ತಾ ಐತೆ."