ಮುಂದಿನ ಸಾಲಿನ ಕೇಳುಗ

ಜಮಖಂಡಿಯ ವಿಶ್ವವಿದ್ಯಾಲಯ ಕೇಂದ್ರದಲ್ಲಿ ತಿಂಗಳಿಗೆ ಎರಡು ಸಲ ಸಾರ್ವಜನಿಕ ಉಪನ್ಯಾಸ ಇರುತ್ತಿತ್ತು. ಹೆಸರಿಗಷ್ಟೇ ಸಾರ್ವಜನಿಕ. ಬರುವವರು ಹಾಜರಿಗೆ ಹೆದರಿ ಬಂದ ವಿದ್ಯಾರ್ಥಿಗಳು, ಮೇಲಿನವರ ಕಣ್ಣಿಗೆ ಬೀಳಲೆಂದು ಬಂದ ಮಾಸ್ತರರು, ಉಪ್ಪಿಟ್ಟಿನ ವಾಸನೆ ಹಿಡಿದು ಬಂದ ಒಂದಿಬ್ಬರು. ಭಾಷಣಕ್ಕೆಂದೇ ಬರುತ್ತಿದ್ದವನು ಒಬ್ಬನೇ, ಬನಹಟ್ಟಿಯ ವೀರಣ್ಣ.

ಅರವತ್ತಾರರ ಮುದುಕ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಧೋತರ, ಟೊಪ್ಪಿಗೆ. ಮೊದಲ ಸಾಲಿನ ನಟ್ಟನಡುವಿನ ಕುರ್ಚಿ ಅವನದು. ಕಣ್ಣು ಮಿಟುಕಿಸದೆ ಕೂತುಬಿಡುತ್ತಿದ್ದ. ಹಿಂದೆ ಮೊಬೈಲು ತಿಕ್ಕುವ ನೂರು ತಲೆ ನೋಡಿ ಬೇಸತ್ತ ಭಾಷಣಕಾರರು ಹತ್ತು ನಿಮಿಷದೊಳಗೆ ಎಲ್ಲರನ್ನೂ ಬಿಟ್ಟು ವೀರಣ್ಣನೊಬ್ಬನಿಗೇ ಹೇಳತೊಡಗುತ್ತಿದ್ದರು. ಕಾರ್ಯಕ್ರಮಗಳ ಉಸ್ತುವಾರಿ ಹೊತ್ತಿದ್ದ ಅಧ್ಯಾಪಕಿ ಪೂರ್ಣಿಮಾಗೆ ಅವನೆಂದರೆ ಅಭಿಮಾನ. "ನಮ್ಮ ಹುಡುಗೂರು ಕಾಕಾರನ್ನ ನೋಡಿ ಕಲೀಬೇಕು," ಎನ್ನುತ್ತಿದ್ದಳು.

ಆ ಕಾಕಾನಿಗೆ ಕಿವಿ ಕೇಳುವುದು ನಿಂತು ಒಂಬತ್ತು ವರ್ಷವಾಗಿತ್ತು.

ಮೂವತ್ತೆಂಟು ವರ್ಷ ಪವರ್‌ಲೂಮಿನ ಶೆಡ್ಡಿನಲ್ಲಿ ದುಡಿದವನ ಕಿವಿ ಉಳಿಯುವುದಾದರೂ ಹೇಗೆ? ಇಪ್ಪತ್ನಾಲ್ಕು ಮಗ್ಗ ಒಟ್ಟಿಗೆ ಬಡಿಯುವಾಗ ಅಲ್ಲಿ ಯಾರೂ ದನಿ ತೆಗೆಯುತ್ತಿರಲಿಲ್ಲ. ತುಟಿ ಅಲ್ಲಾಡಿಸಿದರೆ ಸಾಕು, ಎದುರಿನವರು ಓದಿಕೊಳ್ಳುತ್ತಿದ್ದರು. ನಾಲ್ಕು ಮಗ್ಗದಾಚೆ ಲಾಳಿಗೆ ಹಾಕುವ ನೂಲಿನ ಕಂಡಿಕಿ ಸುತ್ತುತ್ತಿದ್ದ ದಾನಮ್ಮನನ್ನು ಅವನು ಮದುವೆಯಾದದ್ದೂ ಹಾಗೆಯೇ ಮಾತಾಡಿ. ಕಿವಿ ಪೂರ್ತಿ ಹೋದಾಗ ಅವರಿಬ್ಬರ ನಡುವೆ ಏನೂ ಕೆಡಲಿಲ್ಲ. ಆಕೆ ಮನೆಯಲ್ಲೂ ತುಟಿಯಲ್ಲೇ ಬೈಯುತ್ತಿದ್ದಳು, ಇವನು ತುಟಿಯಲ್ಲೇ ತಿರುಗಿ ಅನ್ನುತ್ತಿದ್ದ. ಮಕ್ಕಳಿಲ್ಲದ ಮನೆ, ಆದರೂ ದಿನವಿಡೀ ಮಾತೇ ಮಾತು.

ದಾನಮ್ಮ ತೀರಿಕೊಂಡು ಎರಡು ವರ್ಷ. ಈಗ ತಮ್ಮನ ಮಗ ಕಾಶಪ್ಪನ ಮನೆಯಲ್ಲಿ ಊಟ, ನಿದ್ದೆ. ಕಾಶಪ್ಪ ಒಳ್ಳೆಯವನೇ. ಹೊತ್ತು ಹೊತ್ತಿಗೆ ಬಿಸಿ ರೊಟ್ಟಿ ಬರುತ್ತದೆ. ಆದರೆ ಆ ಮನೆಯಲ್ಲಿ ಯಾರೂ ಮುಖ ಕೊಟ್ಟು ಮಾತಾಡುವುದಿಲ್ಲ. ಒಬ್ಬರು ಒಲೆಯ ಕಡೆ ತಿರುಗಿ ಮಾತಾಡುತ್ತಾರೆ, ಒಬ್ಬರು ಫೋನಿನೊಳಗೆ ತಲೆ ಹುಗಿದು. ತೀರ ಅವಶ್ಯವಿದ್ದರೆ ಕಿವಿಯ ಹತ್ತಿರ ಬಂದು ಒದರುತ್ತಾರೆ. ಕಿವಿಯ ಹತ್ತಿರ ಇರುವ ಬಾಯಿ ಕಾಣುವುದೆಲ್ಲಿ? ತನಗೆ ತುಟಿ ಓದಲು ಬರುತ್ತದೆಂದು ವೀರಣ್ಣ ಹೇಳಿ ನೋಡಿದ. ಎರಡು ದಿನ ನೆನಪಿಟ್ಟರು, ಮೂರನೆಯ ದಿನ ಮರೆತರು. ಅವನು ಮತ್ತೆ ಹೇಳಲಿಲ್ಲ. ಮುಖ ಕೊಡಿ ಎಂದು ಎಷ್ಟು ಸಲ ಬೇಡುವುದು?

ಒಮ್ಮೆ ಕಣ್ಣಿನ ತಪಾಸಣೆಗೆಂದು ಜಮಖಂಡಿಗೆ ಹೋದವನು ಬಿಸಿಲು ತಾಳದೆ ಈ ಸಭಾಂಗಣದೊಳಗೆ ಹೊಕ್ಕಿದ್ದ. ಯಾರೋ ಹಳೆಯ ಶಾಸನಗಳ ಬಗ್ಗೆ ಮಾತಾಡುತ್ತಿದ್ದರು. ಒಂದು ಇಡೀ ಮುಖ, ಅವನ ಕಡೆಗೇ ತಿರುಗಿ, ಒಂದು ತಾಸು! ಅರ್ಧ ತಿಳಿಯಿತು, ಉಳಿದರ್ಧ ತಾನೇ ತುಂಬಿಕೊಂಡ. ಅಂದು ಬಸ್ಸಿನಲ್ಲಿ ಕೂತಾಗ ಅವನಿಗೆ ಯಾರದೋ ಮನೆಗೆ ಹೋಗಿ ಹರಟೆ ಹೊಡೆದು ಬಂದಷ್ಟು ಸಮಾಧಾನವಾಗಿತ್ತು. ಅಂದಿನಿಂದ ಒಂದು ಭಾಷಣವನ್ನೂ ತಪ್ಪಿಸಲಿಲ್ಲ. ಚಿತ್ರಪ್ರದರ್ಶನ ಅವನಿಗೆ ಹಿಡಿಸಲಿಲ್ಲ, ಚಿತ್ರಗಳು ಮಾತಾಡವು. ಸಂಗೀತಗಾರರು ಬಾಯಿ ತೆರೆದರೆ ಮುಚ್ಚುವುದೇ ಇಲ್ಲ, ಅದೂ ಬೇಡ. ದಪ್ಪ ಮೀಸೆಯ ವಿದ್ವಾಂಸರ ಮೇಲಂತೂ ಕೆಟ್ಟ ಸಿಟ್ಟು.

ಕಿವುಡನೆಂದು ಮಾತ್ರ ಅಲ್ಲಿ ಯಾರಿಗೂ ಹೇಳಿರಲಿಲ್ಲ. ಗೊತ್ತಾದರೆ ಕಿವುಡನಿಗೇಕೆ ಭಾಷಣ ಎಂದು ನಕ್ಕಾರು, ಕುರ್ಚಿ ಹೋದೀತು. ಆ ಕುರ್ಚಿ ಬಿಟ್ಟರೆ ಲೋಕದಲ್ಲಿ ಅವನಿಗೆ ಎದುರಾಗುವ ಮುಖ ಇನ್ನೊಂದಿರಲಿಲ್ಲ.

ಹೀಗಿರುವಾಗ ಕೇಂದ್ರದಲ್ಲಿ ನೇಕಾರಿಕೆಯ ಪ್ರದರ್ಶನ ನಡೆಯಿತು. ಹಳೆಯ ಸೀರೆಗಳು, ಲಾಳಿಗಳು, ಪಕ್ಕದ ಕೋಣೆಯಲ್ಲಿ ನಡೆಸಿ ತೋರಿಸಲೆಂದು ಒಂದು ಪವರ್‌ಲೂಮ್. ಪೂರ್ಣಿಮಾ ಎದುರು ನಿಂತು, "ಕಾಕಾರ, ಕಡೀ ದಿವಸ ನೀವು ಐದ ನಿಮಿಷ ಮಾತಾಡಬೇಕ್ರಿ. ಶೆಡ್ಡಿನಾಗಿನ ನಿಮ್ಮ ಜೀವನಾ ಹೇಳ್ರಿ," ಅಂದಳು. ಒಲ್ಲೆ ಅಂದರೆ ಕಾರಣ ಕೇಳುತ್ತಾಳೆ. "ಆತ್ರಿ ಅಕ್ಕಾರ," ಅಂದುಬಿಟ್ಟ.

ವೇದಿಕೆ ಹತ್ತಿ ನಿಂತಾಗ ಅಂಗಾಲಿನ ಕೆಳಗೆ ಹಲಗೆ ಅದುರಿತು. ಪಕ್ಕದ ಕೋಣೆಯಲ್ಲಿ ಯಾರೋ ನೋಡುಗರಿಗಾಗಿ ಮಗ್ಗ ಚಾಲೂ ಮಾಡಿದ್ದರು. ಆ ಅದುರು ಅವನ ಮೈಗೆ ಚೆನ್ನಾಗಿ ಗೊತ್ತು. ಮಗ್ಗ ನಡೆಯುವಾಗ ದನಿ ತೆಗೆದು ಮಾತಾಡುವ ನೇಕಾರ ಎಲ್ಲಿದ್ದಾನೆ? ವೀರಣ್ಣ ತುಟಿ ಬಿಡಿಸಿ, ಸಾವಕಾಶ, ಸ್ಪಷ್ಟವಾಗಿ, ದನಿಯೇ ಇಲ್ಲದೆ ಹೇಳತೊಡಗಿದ.

"ನಾ ದಾನಮ್ಮಗ ಮೊದಲ ಕೇಳಿದ್ದು, ನಿನ್ನ ಊರು ಯಾವುದು ಅಂತ. ಆಕಿ ಏನಂದ್ಲು? ನಿನ್ನ ದಾರ ಹರದೈತಿ, ಮೊದಲ ಅದನ್ನ ನೋಡ್ಕೋ ಅಂದ್ಲು."

ಸಭೆಯಲ್ಲಿ ಹುಡುಗರು ನಕ್ಕರು. ಮಾತು ನಾಟಿತೆಂದು ಅವನಿಗೆ ಹುರುಪು ಬಂತು. ಮೈಕಿನವನು ಓಡಿಬಂದು ಮೈಕು ಬಡಿದು ನೋಡಿದ.

"ಕಡೀಕ ದವಾಖಾನ್ಯಾಗ ಆಕಿ ಬಾಯಿಗೆ ಆಕ್ಸಿಜನ್ ಮಾಸ್ಕ್ ಹಚ್ಚಿದ್ರು. ಒಳಗ ತುಟಿ ಅಳ್ಳಾಡತಿದ್ದವು. ಮಂಜ ಹಿಡದಿತ್ತು, ಕಾಣಲಿಲ್ಲ. ಏನೋ ಹೇಳಿದ್ಲು. ಎರಡ ವರ್ಷ ಆತು, ಏನ ಹೇಳಿದ್ಲು ಅನ್ನೂದು ನನಗ ಇನ್ನೂ ಗೊತ್ತಾಗಿಲ್ಲ."

ಆ ಸಭಾಂಗಣದಲ್ಲಿ ಅದಕ್ಕಿಂತ ಒಳ್ಳೆಯ ಮಾತನ್ನು ಯಾರೂ ಆಡಿರಲಿಲ್ಲ. ಯಾರೂ ಅದನ್ನು ಕೇಳಲಿಲ್ಲ.

ಜನ ಗಲಿಬಿಲಿಯಿಂದಲೇ ಚಪ್ಪಾಳೆ ತಟ್ಟಿದರು. ವೀರಣ್ಣ ಹಗುರಾಗಿ ಕೆಳಗಿಳಿದ. ಪೂರ್ಣಿಮಾ ಹಿಂದಿನಿಂದ ಎರಡು ಸಲ ಕೂಗಿದಳು, ತಿರುಗಲಿಲ್ಲ. ಮೂರನೆಯ ಸಲ ಕಿವಿಯ ಬಳಿಯೇ ಕೂಗಿದಳು. ಆಮೇಲೆ ಅವಳಿಗೆ ತಿಳಿಯಿತು. ಚೀಟಿಯೊಂದರಲ್ಲಿ ಬರೆದು ಕೊಟ್ಟಳು: "ನಿಮಗೆ ಕಿವಿ ಕೇಳುವುದಿಲ್ಲವೇ?"

ವೀರಣ್ಣ ನಾಚಿಕೆಯಿಂದ ತಲೆಯಾಡಿಸಿದ. ಆದರೆ ತುಟಿ ಓದಲು ಬರುತ್ತದೆಂದು ಹೇಳೋಣವೆಂದು ತಲೆಯೆತ್ತಿದರೆ ಅವಳು ಆಗಲೇ ಕಣ್ಣೊರೆಸಿಕೊಳ್ಳುತ್ತ ಅತ್ತ ತಿರುಗಿದ್ದಳು. ಇಷ್ಟು ದಿನ ಪಾಪ ಸುಮ್ಮನೆ ಹೂಂಗುಟ್ಟುತ್ತಿದ್ದರು ಎಂದುಕೊಂಡಳೇನೋ.

ಹದಿನೈದು ದಿನಕ್ಕೆ ಮುಂದಿನ ಉಪನ್ಯಾಸ. ಹೋಗಲೋ ಬೇಡವೋ ಎಂದು ಅಳುಕುತ್ತಲೇ ಹೋದ. ಯಾರೂ ನಗಲಿಲ್ಲ. ಅವನ ಕುರ್ಚಿಯ ಮೇಲೆ 'ವೀರಣ್ಣನವರಿಗೆ ಕಾದಿರಿಸಲಾಗಿದೆ' ಎಂಬ ಚೀಟಿ ಅಂಟಿಸಿದ್ದರು. ಸುಳ್ಳೇ ಹೆದರಿದ್ದೆ ಅನಿಸಿ ಜೀವಕ್ಕೆ ತಂಪಾಯಿತು.

ಅಷ್ಟರಲ್ಲಿ ವೇದಿಕೆಯ ಮೆಟ್ಟಿಲ ಬಳಿ ಪೂರ್ಣಿಮಾ ಅಂದಿನ ಭಾಷಣಕಾರರ ಜೊತೆ ಮಾತಾಡುತ್ತಿದ್ದುದು ಕಾಣಿಸಿತು. ಅವಳ ತುಟಿಗಳನ್ನು ವೀರಣ್ಣ ಅಷ್ಟು ದೂರದಿಂದಲೂ ಓದಿದ.

"ಮುಂದ ನಡುವಿನ ಕುರ್ಚ್ಯಾಗ ಒಬ್ಬರು ಅಜ್ಜಾರು ಕುಂತಾರ್ರಿ, ಭಾಳ ಒಳ್ಳೇವರು. ಅವರಿಗೆ ಕಿವಿ ಕೇಳಂಗಿಲ್ಲ. ಅವರ ಕಡೆ ನೋಡಬ್ಯಾಡ್ರಿ, ಸಂಕೋಚ ಮಾಡ್ಕೋತಾರ. ಕೇಳವರ ಕಡೆ ನೋಡಿ ಮಾತಾಡ್ರಿ."

ಭಾಷಣಕಾರರು ಸಜ್ಜನರು. ಹೇಳಿದಂತೆಯೇ ನಡೆದುಕೊಂಡರು. ಬಲಗಡೆಯ ಹುಡುಗರತ್ತ ಮುಖ ತಿರುಗಿಸಿ ನಿಂತವರು ಒಂದು ತಾಸು ಇತ್ತ ನೋಡಲಿಲ್ಲ. ವೀರಣ್ಣ ಅವರ ಕಿವಿಯನ್ನೇ ನೋಡುತ್ತ ಕೂತ, ಕಡೆಗೆ ತಲೆ ತಗ್ಗಿಸಿದ. ಭಾಷಣ ಮುಗಿದದ್ದು ಅವನಿಗೆ ತಿಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ಹಿಂತಿರುಗಿ ನೋಡಿದರೆ ಕುರ್ಚಿಗಳೆಲ್ಲ ಖಾಲಿಯಾಗಿದ್ದವು.